ಮೂರು ಕೊರಳು

ಮಾತಾಡಿ ಹೊಟ್ಟೆ ಹೊರೆಯುವವರಲ್ಲಿ ನಾನೂ ಒಬ್ಬ. ವಕೀಲರು, ಹರಿಕಥೆಯ ದಾಸರು, ಸಂತೆಯಲ್ಲಿ ಕೂಗಿ ಮಾರುವವರು, ಕಾಲೇಜಿನ ಅಧ್ಯಾಪಕರು, ನಮ್ಮದೆಲ್ಲ ಒಂದೇ ಕುಲ. ಬಡಗಿಗೆ ಉಳಿ ಹೇಗೋ ನಮಗೆ ಗಂಟಲು ಹಾಗೆ. ವ್ಯತ್ಯಾಸ ಇಷ್ಟೆ: ಬಡಗಿ ತನ್ನ ಉಳಿಯನ್ನು ಆಗಾಗ ಸಾಣೆ ಹಿಡಿಯುತ್ತಾನೆ, ನಾವು ಗಂಟಲನ್ನು ನೆನೆಸಿಕೊಳ್ಳುವುದು ಅದು ಕೈಕೊಟ್ಟ ದಿನ ಮಾತ್ರ.

ನನಗೆ ಅದು ಕೈಕೊಟ್ಟದ್ದು ರನ್ನನ 'ಗದಾಯುದ್ಧ'ದ ಪಾಠ ನಡೆಯುತ್ತಿದ್ದಾಗ. ಮಡುವಿನೊಳಗೆ ಅಡಗಿ ಕುಳಿತ ದುರ್ಯೋಧನನಿಗೆ ದಡದ ಮೇಲಿಂದ ಭೀಮನ ಅಬ್ಬರ ಕೇಳಿಸುತ್ತದೆ. ಕೇಳಿದವನಿಗೆ ನೀರಿನಲ್ಲಿದ್ದರೂ ಬೆವರು ಬಿಡುತ್ತದೆ. ಅಂಥ ಅಬ್ಬರ ಹೇಗಿದ್ದೀತೆಂಬುದನ್ನು ಎಂಬತ್ತು ಮಂದಿ ಹುಡುಗ ಹುಡುಗಿಯರಿಗೆ, ನಾಲ್ಕು ಫ್ಯಾನುಗಳ ಗರಗರ ಸದ್ದಿಗೂ ಕಿಟಕಿಯಾಚೆಯ ಬಸ್ಸುಗಳ ಹಾರ್ನಿಗೂ ಮೇಲಾಗಿ ತೋರಿಸಿಕೊಡುವುದು ಅಧ್ಯಾಪಕನ ಕರ್ತವ್ಯವೆಂದು ಇಪ್ಪತ್ತು ವರ್ಷ ನಂಬಿಕೊಂಡು ಬಂದವನು ನಾನು. ಈ ಸಲವೂ ಬಾಯಿ ತೆರೆದೆ. ಭೀಮ ಬರಲಿಲ್ಲ. ಎಣ್ಣೆ ಕಾಣದ ಬಾಗಿಲಿನ ಕೀಲು ತಿರುಗಿದಂಥ ಒಂದು ಸದ್ದು ಬಂತು. ಹುಡುಗರು ನಕ್ಕರು. ನಾನೂ ನಗಲು ಹೋದೆ. ಅದಕ್ಕೂ ದನಿ ಇರಲಿಲ್ಲ.

ಡಾಕ್ಟರು ಮೂಗಿನ ಮೂಲಕ ಒಂದು ಸಣ್ಣ ಕ್ಯಾಮರಾ ಇಳಿಸಿ, ಪರದೆಯ ಮೇಲೆ ನನ್ನ ಗಂಟಲನ್ನು ನನಗೇ ತೋರಿಸಿದರು. ಎರಡು ಬಿಳಿಯ ಮಡಿಕೆಗಳು. ಅವುಗಳ ಅಂಚಿನಲ್ಲಿ, ಒಂದಕ್ಕೊಂದು ಎದುರಾಗಿ, ಅಕ್ಕಿನುಚ್ಚಿನಷ್ಟು ಗಾತ್ರದ ಎರಡು ಗಂಟು. "ಗುದ್ದಲಿ ಹಿಡಿದೋರ ಅಂಗೈ ಜಡ್ಡುಗಟ್ಟೋದಿಲ್ವೆ ಮೇಷ್ಟ್ರೆ? ಇದೂ ಹಾಗೇನೆ" ಎಂದರು. ಗಂಡಸು ಸಾಮಾನ್ಯ ದನಿಯಲ್ಲಿ ಮಾತಾಡುವಾಗ ಈ ಮಡಿಕೆಗಳು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಒಂದಕ್ಕೊಂದು ತಾಗುತ್ತವಂತೆ. ಕೂಗಿದರೆ ತಾಗುವ ಸಲವೂ ಹೆಚ್ಚು, ಪೆಟ್ಟೂ ಹೆಚ್ಚು. ಮೂರು ವಾರ ಮೌನ. ಪಿಸುಮಾತಂತೂ ಕೂಡದು, ಅದೂ ಗಂಟಲಿಗೆ ಆಯಾಸವೇ. ಆಮೇಲೆ ದನಿಯ ಅಭ್ಯಾಸಗಳು. ಅಷ್ಟಕ್ಕೂ ಗಂಟು ಕರಗದಿದ್ದರೆ ಶಸ್ತ್ರಚಿಕಿತ್ಸೆಯ ಮಾತು. ನಾನು ಚೀಟಿಯಲ್ಲಿ ಬರೆದು ಕೇಳಿದೆ: 'ಮತ್ತೆ ಮೊದಲಿನ ಹಾಗೆ ಪಾಠ ಮಾಡಬಹುದೆ?' ಓದಿ ನಕ್ಕರು: "ಮೊದಲಿನ ಹಾಗೆ ಮಾಡಿದ್ದಕ್ಕೇ ತಾನೆ ಇದು ಬಂದದ್ದು!"

ಮನೆಗೆ ಬಂದು ಮೌನಿಯಾದೆ. "ಇಪ್ಪತ್ತೊಂದು ವರ್ಷಕ್ಕೆ ಒಂದಿಷ್ಟು ನೆಮ್ಮದಿ" ಎಂದು ಮನೆಯಾಕೆ ಹಾಸ್ಯ ಮಾಡಿದಳು. ಆದರೆ ರಾತ್ರಿ ಎಚ್ಚರವಾದಾಗಲೆಲ್ಲ ನನಗೆ ಹಾಸ್ಯ ಹೊಳೆಯುತ್ತಿರಲಿಲ್ಲ. ದನಿ ಹೋದ ಮೇಷ್ಟರನ್ನು ಯಾರು ಕೇಳುತ್ತಾರೆ? ಈ ಶ್ಲೇಷೆ ಕೂಡ ಆಗ ನಗು ತರಿಸಲಿಲ್ಲ.

ಇಂಥ ಸ್ಥಿತಿಯಲ್ಲಿ ದಿನವೂ ಸಂಜೆ ನಾಲ್ಕಕ್ಕೆ ಸರಿಯಾಗಿ ಪಕ್ಕದ ಕೋಣೆಯಿಂದ ಒಂದು ಗರ್ಜನೆ ಏಳುತ್ತಿತ್ತು. ಎರಡನೆಯ ಪಿಯುಸಿ ಓದುವ ಮಗಳ ಕೋಣೆ. ಮೊದಲೂ ಏಳುತ್ತಿತ್ತು, ಆಗ ನಾನು ಎದ್ದ ಕೂಡಲೇ "ಏನೇ ಅದು ರಗಳೆ!" ಎಂದು ಗದರಿಸುತ್ತಿದ್ದೆ, ಅಡಗುತ್ತಿತ್ತು. ಈಗ ಗದರಿಸುವ ಸಾಧನವೇ ಕೆಟ್ಟಿದೆ. ಒಂದು ಚೀಟಿಯಲ್ಲಿ 'ಶಬ್ಧ ಕಡಿಮೆ ಮಾಡು' ಎಂದು ಬರೆದು ಬಾಗಿಲ ಸಂದಿನಲ್ಲಿ ತೂರಿಸಿದೆ. ಚೀಟಿ ಹಿಂದಕ್ಕೆ ಬಂತು. 'ಬ್ಧ'ದ ಸುತ್ತ ಕೆಂಪು ಶಾಯಿಯ ವೃತ್ತ. ಪಕ್ಕದಲ್ಲಿ 'ಬ್ದ' ಎಂಬ ತಿದ್ದುಪಡಿ. ಕೆಳಗೆ ಹತ್ತಕ್ಕೆ ಒಂಬತ್ತು ಅಂಕ. ಕನ್ನಡ ಎಂ.ಎ. ಮಾಡಿದವನಿಗೆ ಇದಕ್ಕಿಂತ ದೊಡ್ಡ ಅಪಮಾನ ಬೇಕೆ?

ಹಿಂದೆಯೇ ಅವಳೂ ಬಂದಳು, ಕೈಯಲ್ಲಿ ಲೋಟದಷ್ಟು ದೊಡ್ಡ ಸ್ಪೀಕರ್. "ಅಪ್ಪ, ಈಗ ಹೇಗೂ ನಿಂಗೆ ಬೈಯೋಕ್ಕಾಗಲ್ಲ. ಕೂತ್ಕೊಂಡು ಪೂರ್ತಿ ಕೇಳು. ಆಮೇಲೆ ಎಷ್ಟು ಬೇಕಾದ್ರೂ ಚೀಟಿ ಬರಿ" ಎಂದಳು. ಕೈಲಾಗದವನು ಕೇಳದೆ ಏನು ಮಾಡಿಯಾನು? ಕೂತೆ. ಹನ್ನೆರಡು ಹಾಡುಗಳ ಒಂದು ಆಲ್ಬಂ; ಮುಕ್ಕಾಲು ಗಂಟೆಗೂ ಕಡಿಮೆ ಹೊತ್ತಿನದು. 2011ರ ಏಪ್ರಿಲಿನಲ್ಲಿ ಬಂದದ್ದು. ಆಗ ಈ ಹುಡುಗಿ ಮೂರು ವರ್ಷದ ಕೂಸು.

ಮೊದಲು ಕಿವಿಗೆ ಬಿದ್ದದ್ದು ಗೋಡೆಯಂಥ ಗಿಟಾರು. ಅದರ ಕೆಳಗೆ, ಎರಡು ಕಾಲಿನಿಂದಲೂ ಒಂದೇ ಸಮನೆ ಒತ್ತುವ ಡ್ರಮ್ಮಿನ ಧಡಧಡ. ಇದು ಮೆಟಲ್, ಅಷ್ಟು ನನಗೂ ಗೊತ್ತು. ಬೆಂಗಳೂರಿನ ಅಧ್ಯಾಪಕನಿಗೆ ಗೊತ್ತಿಲ್ಲದೆ ಹೇಗೆ? ಅರಮನೆ ಮೈದಾನದಲ್ಲಿ 2007ರ ಮಾರ್ಚಿನಲ್ಲಿ ಐರನ್ ಮೇಡನ್ ಬಂದು ಹಾಡಿತು. 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬಂತು. ಆ ಮರುದಿನ ಹಾಜರಿ ಕೂಗಿದಾಗ ನನ್ನ ಹುಡುಗರಲ್ಲಿ ಕೆಲವರಿಗೆ 'ಪ್ರೆಸೆಂಟ್ ಸಾರ್' ಎನ್ನುವಷ್ಟೂ ಗಂಟಲು ಉಳಿದಿರಲಿಲ್ಲ. ಅವರನ್ನು ಹಂಗಿಸಿದ್ದೆ. ಆ ಹಂಗಣೆಯ ಸಾಲವನ್ನೂ ಈಗ ತೀರಿಸುತ್ತಿದ್ದೆನೋ ಏನೋ.

ಆದರೆ ಇಲ್ಲಿ ಮೆಟಲ್ ಒಂದೇ ಇರಲಿಲ್ಲ. ಗಿಟಾರಿನ ಗೋಡೆಯ ಮೇಲೆ ಮದುವೆ ಮನೆಯ ದೀಪದ ಸರದಂತೆ ಎಲೆಕ್ಟ್ರಾನಿಕ್ ಕೀಲಿಮಣೆಯ ನಾದಗಳು ಹತ್ತಿ ಆರಿ ಓಡಾಡುತ್ತಿದ್ದವು. ಅಷ್ಟರಲ್ಲಿ ಒಬ್ಬ ರಕ್ಕಸ ಗುಡುಗಿದ. ಅವನು ಮುಗಿಸುವ ಮೊದಲೇ ಒಬ್ಬ ಹೆಂಗಸು, ಈಗಷ್ಟೆ ತೊಳೆದಿಟ್ಟ ಬೆಳ್ಳಿಯ ಲೋಟದಂಥ ಕಂಠದಿಂದ, ಯಾರಾದರೂ ಗುನುಗಿಕೊಳ್ಳಬಹುದಾದ ಒಂದು ಸರಳ ರಾಗವನ್ನು ಎತ್ತಿಕೊಂಡಳು. ಅದಕ್ಕೆ ಜೊತೆಯಾಗಿ ಗಂಡುದನಿಯೊಂದು, ತಾರಕಕ್ಕೆ ಸಲೀಸಾಗಿ ಏರುವಂಥದು. ನಾನು ಮೂರು ಬೆರಳು ಎತ್ತಿ ತೋರಿಸಿದೆ. "ಹೂಂ, ಮೂರು ಜನ. ಬ್ಯಾಂಡಿನಲ್ಲಿರೋದು ಆರು ಮಂದಿ, ಅದರಲ್ಲಿ ಮೂರು ಮಂದಿ ಹಾಡೋರೇ" ಎಂದಳು ಮಗಳು.

ಬ್ಯಾಂಡಿನ ಹೆಸರು ಅಮರಾಂಥ್; ಆಲ್ಬಮ್ಮಿಗೂ ಅದೇ ಹೆಸರು. ಸ್ವೀಡನ್ ದೇಶದ ಪಶ್ಚಿಮ ಕರಾವಳಿಯ ರೇವುಪಟ್ಟಣ ಗೋಥೆನ್‌ಬರ್ಗ್ ಇವರ ಊರು. 2008ರಲ್ಲಿ ಕೂಡಿಕೊಂಡಾಗ 'ಅವಲಾಂಚ್', ಎಂದರೆ ಹಿಮಪಾತ, ಎಂದು ಹೆಸರಿಟ್ಟುಕೊಂಡಿದ್ದರು. ಕಾನೂನಿನ ತೊಡಕು ಬಂದು ಬಿಡಬೇಕಾಯಿತು. ಹೊಸ ಹೆಸರು ಗ್ರೀಕ್ ಮೂಲದ್ದು. ಬಾಡದ್ದು ಎಂದು ಅರ್ಥ. ಸಂಸ್ಕೃತದ 'ಅಮ್ಲಾನ' ಇದ್ದ ಹಾಗೆ. ಎರಡು ಭಾಷೆಯಲ್ಲೂ 'ಅ' ಎಂದರೆ ಇಲ್ಲ ಎಂದೇ. ಇಷ್ಟನ್ನು ನಾನು ಚೀಟಿಯಲ್ಲಿ ಬರೆದು ಪಾಂಡಿತ್ಯ ತೋರಿಸುತ್ತಿದ್ದಂತೆ, ತರಕಾರಿ ಬಿಡಿಸುತ್ತ ಕೂತಿದ್ದ ಮನೆಯಾಕೆ ಕೇಳಿದಳು: "ಅಮರಾಂಥ್ ಅಂದ್ರೆ ಇದೇ ಅಲ್ವೆ?" ಅವಳ ಕೈಯಲ್ಲಿದ್ದದ್ದು ದಂಟಿನ ಸೊಪ್ಪು. ನಿಜ. ದಂಟು, ಹರಿವೆ, ರಾಜಗಿರಿ ಎಲ್ಲ ಅಮರಾಂಥಸ್ ಎಂಬ ಒಂದೇ ಕುಲದವು. ಗ್ರೀಕರ ಬಾಡದ ಹೂವು ನಮ್ಮ ಮನೆಯಲ್ಲಿ ಆ ರಾತ್ರಿ ಹುಳಿಯಾಯಿತು.

ಊಟದ ಮೇಲೆ ಯೋಚನೆ ಹತ್ತಿತು. ರಕ್ಕಸನ ಗುಡುಗು, ಪೇಟೆಯ ಪಾಪ್ ರಾಗ, ಕುಣಿತದ ಮನೆಯ ಯಂತ್ರನಾದ, ಈ ಮೂರನ್ನು ಒಂದು ಪಾತ್ರೆಗೆ ಹಾಕುವ ಧೈರ್ಯ ಇವರಿಗೆ ಎಲ್ಲಿಂದ ಬಂತು? ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ದಲ್ಲಿ ಒಂದು ಎಚ್ಚರಿಕೆಯಿದೆ: ಹೊಂದದ ಕನ್ನಡ ಸಂಸ್ಕೃತ ಪದಗಳನ್ನು ಕೂಡಿಸಿ ಸಮಾಸ ಮಾಡುವುದು ಕಾದ ಹಾಲಿಗೆ ಮಜ್ಜಿಗೆ ಹನಿಸಿದಂತೆ. ಇದನ್ನು ಪ್ರತಿ ವರ್ಷವೂ ಪಾಠ ಹೇಳುತ್ತೇನೆ, ಹೇಳುವಾಗಲೆಲ್ಲ ತಲೆದೂಗುತ್ತೇನೆ. ಈ ಆಲ್ಬಂ ಬಂದಾಗ ಶುದ್ಧ ಮೆಟಲ್ಲಿನ ಭಕ್ತರಲ್ಲಿ ಅನೇಕರು ಹೇಳಿದ್ದೂ ಇದೇ ಧಾಟಿಯ ಮಾತು: ಇದು ಮೆಟಲ್ಲೇ ಅಲ್ಲ, ವೇಷ ಹಾಕಿದ ಪಾಪ್, ಹಾಲು ಒಡೆಯಿತು.

ಆದರೆ ಅದೇ ರಾತ್ರಿ ಅಡಿಗೆ ಮನೆಯಲ್ಲಿ ಮನೆಯಾಕೆ ಹಾಲಿಗೆ ಹೆಪ್ಪು ಹಾಕುವುದನ್ನು ನೋಡಿದೆ. ಅವಳು ಹಾಕಿದ್ದೂ ಮಜ್ಜಿಗೆಯ ಹನಿಯನ್ನೇ. ಬೆಳಿಗ್ಗೆ ಗಟ್ಟಿ ಮೊಸರು. ಹಾಲು ಅದೇ, ಹನಿ ಅದೇ. ಕುದಿಯುವ ಹಾಲಾದರೆ ಒಡೆಯುತ್ತದೆ, ಉಗುರು ಬೆಚ್ಚಗಿನದಾದರೆ ಹೆಪ್ಪುಗಟ್ಟುತ್ತದೆ. ಹಾಗಾದರೆ ಸ್ವೀಡನ್ನಿನ ಹಾಲು ಯಾವಾಗ ಉಗುರು ಬೆಚ್ಚಗಾಯಿತು? ಮೌನವ್ರತದ ಉಳಿದ ದಿನಗಳಲ್ಲಿ ನನಗೆ ಬೇರೆ ಕೆಲಸವೂ ಇರಲಿಲ್ಲ. ಓದಿದೆ, ಕೇಳಿದೆ, ಮಗಳನ್ನು ಚೀಟಿ ಬರೆದು ಬರೆದು ಪೀಡಿಸಿದೆ.

ಗೋಥೆನ್‌ಬರ್ಗ್ (ಅಲ್ಲಿಯವರ ಬಾಯಲ್ಲಿ ಇದು ಹೆಚ್ಚುಕಡಿಮೆ 'ಯೋತೆಬೊರಿ' ಎಂದು ಮಗಳು ತಿದ್ದಿದಳು) ಹಡಗು ಕಟ್ಟುವ ಊರು, ವೋಲ್ವೋ ಕಾರಿನ ಊರು. 1970ರ ದಶಕದ ಬಿಕ್ಕಟ್ಟಿನಲ್ಲಿ ಅಲ್ಲಿಯ ದೊಡ್ಡ ಹಡಗುಕಟ್ಟೆಗಳು ಒಂದೊಂದಾಗಿ ಇಳಿಮುಖವಾದವು. 1990ರ ದಶಕದಲ್ಲಿ ಅದೇ ಊರಿನ ಹುಡುಗರು ಮೆಟಲ್ ಪ್ರಪಂಚಕ್ಕೆ ಒಂದು ಹೊಸ ಘರಾನಾವನ್ನೇ ಕೊಟ್ಟರು. ಆಟ್ ದಿ ಗೇಟ್ಸ್, ಡಾರ್ಕ್ ಟ್ರಾಂಕ್ವಿಲಿಟಿ, ಇನ್ ಫ್ಲೇಮ್ಸ್ ಎಂಬ ಮೂರು ತಂಡಗಳು 1995, 1996ರಲ್ಲಿ ತಂದ ಆಲ್ಬಮ್ಮುಗಳು ಇದರ ಅಡಿಗಲ್ಲು. ಇವರ ಗುಟ್ಟೇನೆಂದರೆ, ಗಾಯಕ ಗುಡುಗುತ್ತಿರುವಾಗ ಎರಡು ಗಿಟಾರುಗಳು ಜೋಡಿಯಾಗಿ ಇಂಪಾದ ರಾಗವನ್ನು ನುಡಿಸುತ್ತವೆ. ಗಂಟಲಿನಲ್ಲಿ ರೌದ್ರ, ತಂತಿಯಲ್ಲಿ ಕರುಣ.

ಇನ್ನು ಪಾಪ್. ಸ್ವೀಡನ್ನಿನ ಆಬ್ಬಾ ತಂಡ 1974ರಲ್ಲಿ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಯೂರೋವಿಷನ್ ಸ್ಪರ್ಧೆಯನ್ನು ಗೆದ್ದ ಮೇಲೆ, ಸುಲಭವಾಗಿ ನಾಲಿಗೆಗೆ ಹತ್ತುವ ಹಾಡು ಕಟ್ಟುವುದು ಆ ದೇಶದ ಒಂದು ಕಸುಬೇ ಆಯಿತು. ಈ ಕಸುಬಿನ ಮಹಾ ಮೇಸ್ತ್ರಿ ಮ್ಯಾಕ್ಸ್ ಮಾರ್ಟಿನ್. ಬ್ರಿಟ್ನಿ ಸ್ಪಿಯರ್ಸ್ 1998ರಲ್ಲಿ ಜಗತ್ತಿಗೆಲ್ಲ ಕೇಳಿಸಿದ ಮೊದಲ ಹಾಡು ಆತ ಬರೆದದ್ದು. ತಮಾಷೆಯೆಂದರೆ ಆ ಮಹಾಶಯ ಅದಕ್ಕೆ ಮೊದಲು ಒಂದು ಮೆಟಲ್ ತಂಡದ ಗಾಯಕ. ತನ್ನದೆಲ್ಲ ಸಾರ್ವಜನಿಕ ಸಂಗೀತ ಶಿಕ್ಷಣದ ಋಣವೆಂದು ಆತ ಹೇಳಿಕೊಂಡಿದ್ದಾನೆ. ಸ್ವೀಡನ್ನಿನಲ್ಲಿ ಊರೂರಿನ ಪೌರಾಡಳಿತವೇ ಮಕ್ಕಳಿಗೆ ಸಂಗೀತಶಾಲೆ ನಡೆಸುತ್ತದೆ. ಹುಡುಗರು ಗುಂಪು ಕಟ್ಟಿಕೊಂಡು ನುಡಿಸುತ್ತೇವೆಂದರೆ ವಯಸ್ಕರ ಶಿಕ್ಷಣ ಸಂಘಗಳು ಅಭ್ಯಾಸಕ್ಕೆ ಕೋಣೆ ಒದಗಿಸುತ್ತವೆ. ಅಲ್ಲಿ ಕೊಳಲು ಕಲಿತವನೂ ಡ್ರಮ್ ಬಡಿದವನೂ ಒಂದೇ ಮೆಟ್ಟಿಲು ಹತ್ತಿ ಇಳಿದವರು.

ಮೂರನೆಯದು ಟ್ರಾನ್ಸ್. ಪರವಶತೆ ಎಂದರ್ಥ. 1990ರ ದಶಕದ ಮೊದಲಲ್ಲಿ ಜರ್ಮನಿಯ ಕುಣಿತದ ಮನೆಗಳಲ್ಲಿ ರೂಪುಗೊಂಡ ಯಂತ್ರಸಂಗೀತ. ನಿಮಿಷಕ್ಕೆ ನೂರಮೂವತ್ತು, ನೂರನಲವತ್ತು ಬಡಿತ. ಒಂದೇ ಸ್ವರಗುಚ್ಛವನ್ನು ಮತ್ತೆ ಮತ್ತೆ ಸುತ್ತಿಸಿ, ಪದರದ ಮೇಲೆ ಪದರ ಏರಿಸಿ, ಇನ್ನು ತಾಳಲಾರೆ ಎನ್ನುವ ಹೊತ್ತಿಗೆ ಬಡಿತವನ್ನು ತಟ್ಟನೆ ಬಿಟ್ಟು ಮತ್ತೆ ಹಿಡಿಯುವುದು. ಇದರ ಇನ್ನೊಂದು ಕವಲು ನಮ್ಮ ನೆರೆಯ ಗೋವಾದ ಅಂಜುನಾ ಕಡಲದಂಡೆಯಲ್ಲಿ ಬೆಳೆದು 'ಗೋವಾ ಟ್ರಾನ್ಸ್' ಎಂದೇ ಹೆಸರಾಯಿತು. ಅಮರಾಂಥ್‌ನಲ್ಲಿ ಕೇಳುವುದು ಗೋವೆಯದಲ್ಲ, ಯೂರೋಪಿನ ಕುಣಿತದ ಮನೆಯದು. ಗಿಟಾರಿನ ಜೊತೆಗೆ ಈ ಕೀಲಿಮಣೆಯನ್ನೂ ನೋಡಿಕೊಂಡವನು ಊಲೋಫ್ ಮೊರ್ಕ್. ಎಲ್ಲವನ್ನೂ ಹದಮಾಡಿ ಧ್ವನಿಮುದ್ರಿಸಿದವನು ಡೆನ್ಮಾರ್ಕಿನ ಯಾಕೋಬ್ ಹಾನ್ಸೆನ್.

ಈ ಮೂರೂ ಒಂದೇ ನಾಡಿನ ಹುಡುಗರ ಕಿವಿಯಲ್ಲಿ ಇಪ್ಪತ್ತು ವರ್ಷ ಅಕ್ಕಪಕ್ಕದ ಮನೆಯವರಂತೆ ಇದ್ದವು. ಅಣ್ಣನ ಕೋಣೆಯಲ್ಲಿ ಇನ್ ಫ್ಲೇಮ್ಸ್, ಅಮ್ಮನ ರೇಡಿಯೋದಲ್ಲಿ ಆಬ್ಬಾ, ಶನಿವಾರದ ರಾತ್ರಿ ಕುಣಿತದ ಮನೆ. ಕುದಿ ಇಳಿದಿತ್ತು, ಹೆಪ್ಪು ಹಿಡಿಯಿತು. ಹಾಗೆ ನೋಡಿದರೆ ಇವರು ಮಾಡಿದ ಮುಖ್ಯ ಕೆಲಸ ಒಂದೇ. ಹಳೆಯ ಗೋಥೆನ್‌ಬರ್ಗ್ ತಂಡಗಳು ತಂತಿಗೆ ಒಪ್ಪಿಸಿದ್ದ ಇಂಪನ್ನು ತಿರುಗಿ ಗಂಟಲಿಗೆ ತಂದರು. ಗುಡುಗನ್ನು ಓಡಿಸದೆ, ಮೂವರಲ್ಲಿ ಒಬ್ಬನಾಗಿ ಕೂರಿಸಿಕೊಂಡರು. ಎಲೀಸ್ ರೀಡ್ ಎಂಬಾಕೆಯದು ಹೆಣ್ಣುದನಿ, ಜೇಕ್ ಇ ಎಂಬುವನದು ತಾರಕದ ಗಂಡುದನಿ, ಆಂಡಿ ಸೊಲ್ವೆಸ್ಟ್ರೋಮ್ ಎಂಬುವನದು ಗುಡುಗು.

ಈ ಗುಡುಗಿನವನ ಮೇಲೆ ನನಗೊಂದು ಸಿಟ್ಟಿತ್ತೆಂಬುದನ್ನು ಮುಚ್ಚಿಡುವುದಿಲ್ಲ. ಅಲ್ಲ ಮಹಾರಾಯ, ನಾನು ವರ್ಷಕ್ಕೆ ನಾಲ್ಕು ದಿನ ಭೀಮನಾದದ್ದಕ್ಕೆ ಗಂಟಲಲ್ಲಿ ಗಂಟು. ಇವರು ರಾತ್ರಿಯಿಡೀ ಗುಡುಗಿ ಮರುದಿನ ಇನ್ನೊಂದು ಊರಿನಲ್ಲಿ ಗುಡುಗುತ್ತಾರಲ್ಲ, ಇದ್ಯಾವ ನ್ಯಾಯ? ದನಿಯ ಅಭ್ಯಾಸ ಕಲಿಸುವ ಹೆಣ್ಣುಮಗಳಿಗೆ ಇದನ್ನೇ ಬರೆದು ಕೇಳಿದೆ. ಆಕೆ ನಕ್ಕು ವಿವರಿಸಿದರು. ನಿಜವಾದ ಧ್ವನಿತಂತುಗಳ ಮೇಲುಗಡೆ ಇನ್ನೊಂದು ಜೊತೆ ಮಡಿಕೆಗಳಿವೆ. ಸಾಧಾರಣ ಮಾತಿನಲ್ಲಿ ಅವಕ್ಕೆ ಕೆಲಸವಿಲ್ಲ. ತಿಳಿದು ಗುಡುಗುವವನು ಆ ಗೊರಗೊರವನ್ನು ಬಹುಮಟ್ಟಿಗೆ ಮೇಲಿನ ಆ ಮಡಿಕೆಗಳಿಂದ ಹುಟ್ಟಿಸುತ್ತಾನೆ, ಉಸಿರನ್ನು ಹೊಟ್ಟೆಯಿಂದ ಹದವಾಗಿ ಬಿಡುತ್ತಾನೆ. ಇನ್ನೊಂದು ಗುಟ್ಟು: ಅದು ನಮಗೆ ಕೇಳುವಷ್ಟು ಜೋರಾಗಿರುವುದಿಲ್ಲ. ಮೈಕು ಬಾಯಿಗೆ ಅಂಟಿಕೊಂಡಿರುತ್ತದೆ. ಅಬ್ಬರದ ದೊಡ್ಡ ಪಾಲು ಅದರದು. ತಿಳಿಯದೆ ಅನುಕರಿಸುವವರು ಗಂಟಲು ಕೆಡಿಸಿಕೊಳ್ಳುವುದುಂಟು. ಅದಕ್ಕೇ ನ್ಯೂಯಾರ್ಕಿನ ಮೆಲಿಸಾ ಕ್ರಾಸ್ ಎಂಬ ಶಿಕ್ಷಕಿ ಕಿರಿಚುವವರಿಗೆಂದೇ 2005ರಲ್ಲಿ ಪಾಠದ ಡಿವಿಡಿ ತಂದರು. ರಕ್ಕಸನಾಗುವುದಕ್ಕೂ ಮೇಷ್ಟರು ಬೇಕು! ನಾನು ಇಪ್ಪತ್ತು ವರ್ಷ ಮೇಷ್ಟರಾಗಿದ್ದೂ ರಕ್ಕಸತನವನ್ನು ಯಾರಿಂದಲೂ ಕಲಿತಿರಲಿಲ್ಲ, ಅದೇ ತಪ್ಪು.

ಆ ಸಂಜೆ ಮಗಳೊಡನೆ ಮತ್ತೆ ಕೇಳಿದೆ. ಈಗ ಅವಳು ತಾಳ ಹಾಕಿ ತೋರಿಸಿದಳು. "ಅವನು ಗುಡುಗೋವಾಗ ಸ್ವರ ಇಲ್ಲ ಅಪ್ಪ, ಬರೀ ಲಯ. ನಮ್ಮ ಕೊನ್ನಕೋಲು ಇದ್ದ ಹಾಗೆ. ಅವನು ಜತಿ ಹೇಳ್ತಾನೆ, ಇವಳು ಪಲ್ಲವಿ ಹಾಡ್ತಾಳೆ." ಅವಳು ಆರು ವರ್ಷ ಕರ್ನಾಟಕ ಸಂಗೀತ ಕಲಿತವಳು. ಎರಡು ವರ್ಷದ ಹಿಂದೆ ಏಕಾಏಕಿ ಬಿಟ್ಟಳು. ಏಕೆಂದು ಕೇಳಿದ್ದೆ; ಕೇಳಿದ್ದೆ ಎಂದರೆ, ಕೇಳಿದೊಡನೆ ಉತ್ತರವನ್ನೂ ನಾನೇ ಹೇಳಿ, ಅದಕ್ಕೆ ಖಂಡನೆಯನ್ನೂ ನಾನೇ ಮಾಡಿ ಮುಗಿಸಿದ್ದೆ. ಈಗ ಚೀಟಿಯಲ್ಲಿ ಒಂದೇ ಮಾತು ಬರೆದೆ: 'ಏಕೆ ಬಿಟ್ಟೆ?'

ಅವಳು ಬಹಳ ಹೊತ್ತು ಸ್ಪೀಕರಿನ ಗುಂಡಿಯನ್ನು ಉಗುರಿನಿಂದ ಕೆರೆಯುತ್ತಿದ್ದಳು. ಆಮೇಲೆ, "ಪಾಠ ಇಷ್ಟವಾಗ್ತಿತ್ತು ಅಪ್ಪ. ಮನೇಲಿ ಸಾಧನೆ ಮಾಡೋವಾಗ ನೀನು ಹಾಲಿನಲ್ಲಿ ಪೇಪರ್ ಹಿಡ್ಕೊಂಡು ಕೂತಿರ್ತಿದ್ದೆ. ಪುಟ ತಿರುವೋ ಸದ್ದು ನಿಂತುಬಿಡೋದು. ನಾನೆಲ್ಲಿ ತಪ್ತೀನೋ ಅಂತ ನೀನು ಕಾಯ್ತಿದ್ದೀಯ ಅಂತ ಗೊತ್ತಾಗ್ತಿತ್ತು. ಸಾಹಿತ್ಯದ ಉಚ್ಚಾರಣೆ ತಿದ್ದೋಕೆ. ಆಮೇಲಾಮೇಲೆ ತಪ್ಪು ಬರೋಕೆ ಮುಂಚೇನೇ ಗಂಟಲು ಕಟ್ಟಿಬಿಡೋದು" ಎಂದಳು.

ನನಗೆ ಹೇಳಬೇಕಾದ್ದು ಬಹಳವಿತ್ತು. ಒಳ್ಳೆಯದಕ್ಕಾಗಿ ತಿದ್ದಿದೆ ಎನ್ನಬೇಕಿತ್ತು. ಹಾಗೆ ಕಾಯುತ್ತಿರಲಿಲ್ಲ ಎನ್ನಬೇಕಿತ್ತು. ಅದು ನಿಜವಲ್ಲವೆಂದು ನನಗೇ ಗೊತ್ತಿತ್ತು. ಡಾಕ್ಟರ ಅಪ್ಪಣೆಯಿಂದಾಗಿ ಅದೆಲ್ಲ ಒಳಗೇ ಉಳಿಯಿತು. ಸುಮ್ಮನೆ ಚೀಟಿಯನ್ನು ತಿರುವಿ 'ಹತ್ತಕ್ಕೆ ಸೊನ್ನೆ' ಎಂದು ಬರೆದು, ಕೆಳಗೆ ನನ್ನ ಹೆಸರು ಬರೆದು ಕೊಟ್ಟೆ. ಅವಳು ನಗಲಿಲ್ಲ, ಆದರೆ ಚೀಟಿಯನ್ನು ಹರಿಯಲೂ ಇಲ್ಲ. ಮುಂದಿನ ಹಾಡು ಹಾಕಿದಳು.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಈ ಆಲ್ಬಮ್ಮನ್ನು ನಾನು ತಲೆಯ ಮೇಲೆ ಹೊತ್ತು ಮೆರೆಸುತ್ತೇನೆಂದು ವಾಚಕರು ತಿಳಿಯಬಾರದು. ಹಾಡಿನ ಮಾತುಗಳು ತೆಳು. ಮಳೆ, ಹಸಿವು, ಬೆಳಕು, ಬಿಟ್ಟು ಹೋಗುವುದು, ಎಲ್ಲೂ ನಿಂತು ಯೋಚಿಸುವಂಥದಿಲ್ಲ. ಮೆರುಗು ಸ್ವಲ್ಪ ಅತಿಯಾಯಿತು. ಮನುಷ್ಯರು ಹಾಡುವಾಗ ಎಲ್ಲೋ ಒಂದು ಕಡೆ ಉಸಿರು ಕೇಳಬೇಕು, ಇಲ್ಲಿ ಅದನ್ನೂ ಒರೆಸಿಟ್ಟಂತಿದೆ. ಎಂಟು ಹತ್ತು ಹಾಡು ಕೇಳುವ ಹೊತ್ತಿಗೆ ಪಲ್ಲವಿ ಎಲ್ಲಿ ಬರುತ್ತದೆಂದು ಕೈಗಡಿಯಾರ ನೋಡಿ ಹೇಳಬಹುದು. ನಡುವೆ 'ಅಮರಾಂಥೈನ್' ಎಂಬ ನಿಧಾನದ ಹಾಡೊಂದು ಬಂದಾಗ ನನ್ನ ವಯಸ್ಸಿನ ಕಿವಿಗೆ ಜೀವ ಬಂದಂತಾಯಿತೆಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಮಗಳಿಗೆ ಆ ಹಾಡೇ ಎಲ್ಲಕ್ಕಿಂತ ಸಪ್ಪೆ.

ಆದರೂ ಒಂದು ಸಂಗತಿ ಮನಸ್ಸಿನಲ್ಲಿ ನಿಂತಿತು. ಗುಡುಗುತ್ತಿದ್ದ ಆಂಡಿ 2013ರಲ್ಲಿ ತಂಡ ಬಿಟ್ಟ. ಅವನ ಜಾಗಕ್ಕೆ ಹೆನ್ರಿಕ್ ಎಂಗ್ಲುಂಡ್ ಬಂದ. ಜೇಕ್ 2017ರಲ್ಲಿ ಹೋದ. ನಿಲ್ಸ್ ಮೊಲಿನ್ ಬಂದ. ಹೆನ್ರಿಕ್ ಕೂಡ 2022ರಲ್ಲಿ ಹೊರಟ. ಮರುವರ್ಷ ಮಿಕಾಯೆಲ್ ಸೆಲಿನ್ ಬಂದ. ಎಲೀಸ್ ಮಾತ್ರ ಮೊದಲಿನಿಂದಲೂ ಇದ್ದಾಳೆ. ಇಷ್ಟು ಮಂದಿ ಬಂದು ಹೋದರೂ, 2024ರ ಏಳನೆಯ ಆಲ್ಬಮ್ಮಿನ ತನಕ ಮೂರು ಕೊರಳಿನ ಏರ್ಪಾಡನ್ನು ಅವರು ಬಿಡಲಿಲ್ಲ. ಇಬ್ಬರಲ್ಲೇ ನಡೆಸಿಬಿಡೋಣ, ಗುಡುಗನ್ನು ಆ ತಾರಕದವನೇ ಮಾಡಲಿ ಎಂದು ಉಳಿತಾಯದ ಲೆಕ್ಕ ಹಾಕಲಿಲ್ಲ. ಪ್ರತಿ ಸಲವೂ ಆ ಖಾಲಿ ಪೀಠಕ್ಕೆ ಅದಕ್ಕೆ ತಕ್ಕ ಗಂಟಲನ್ನೇ ಹುಡುಕಿದರು. ಒಂದೊಂದು ಗಂಟಲಿಗೂ ಅದರ ಹೊರೆ.

ನಾನೋ? ಭೀಮ ನಾನೇ, ದುರ್ಯೋಧನ ನಾನೇ, ದ್ರೌಪದಿ ನಾನೇ, ಕವಿ ನಾನೇ, ವ್ಯಾಖ್ಯಾನಕಾರ ನಾನೇ, ಹಾಜರಿ ಕೂಗುವವನೂ ನಾನೇ. ಎದುರಿಗೆ ಎಂಬತ್ತು ಕೊರಳುಗಳು ಇಪ್ಪತ್ತು ವರ್ಷದಿಂದ ತೆಪ್ಪಗೆ ಕೂತಿದ್ದವು.

ಮೂರು ವಾರ ಕಳೆದು, ಇನ್ನೆರಡು ತಿಂಗಳು ಅಭ್ಯಾಸ ಮಾಡಿ, ಕಾಲೇಜಿಗೆ ಮರಳಿದೆ. ಗಂಟು ಸಣ್ಣದಾಗಿದೆ, ಪೂರ್ತಿ ಹೋಗಿಲ್ಲ. ಶಸ್ತ್ರಚಿಕಿತ್ಸೆ ಸದ್ಯಕ್ಕೆ ಬೇಡವೆಂದಿದ್ದಾರೆ. ದನಿ ಬಂದಿದೆ, ಹಳೆಯ ದನಿಯಲ್ಲ. ಸ್ವಲ್ಪ ತಗ್ಗಿನದು, ಮೂರನೆಯ ಬೆಂಚಿನಾಚೆಗೆ ತಲುಪದು. ಕಾಲೇಜಿನವರು ಒಂದು ಕಾಲರ್ ಮೈಕು ಕೊಟ್ಟಿದ್ದಾರೆ. ಅದನ್ನು ಸಿಕ್ಕಿಸಿಕೊಂಡಾಗಲೆಲ್ಲ ಗೋಥೆನ್‌ಬರ್ಗಿನವರ ನೆನಪು. 'ಗದಾಯುದ್ಧ' ನಿಂತ ಕಡೆಯಿಂದ ಮುಂದುವರಿಯಬೇಕಿತ್ತು. ಕಥೆಯ ಭಾಗವನ್ನು ನಾನು ಓದುತ್ತೇನೆ, ಉಳಿದ ಮಾತುಗಳನ್ನು ನೀವೇ ಹಂಚಿಕೊಳ್ಳಿ ಎಂದೆ. ತರಗತಿ ಒಬ್ಬರ ಮುಖ ಒಬ್ಬರು ನೋಡಿತು. ಕೊನೆಗೆ ದುರ್ಯೋಧನನಿಗೆ ಒಬ್ಬ ಒಪ್ಪಿಕೊಂಡ. ಭೀಮನಿಗೆ ಯಾರು? ಹಿಂದಿನ ಬೆಂಚಿನಿಂದ, ಎರಡು ವರ್ಷದಲ್ಲಿ 'ಪ್ರೆಸೆಂಟ್ ಸಾರ್' ಬಿಟ್ಟರೆ ಇನ್ನೊಂದು ಮಾತು ಆಡದಿದ್ದ ಒಬ್ಬ ಸಣಕಲ ಹುಡುಗಿ ಕೈ ಎತ್ತಿದಳು.

ಹಳಗನ್ನಡದ ಉಚ್ಚಾರಣೆಯಲ್ಲಿ ಮೂರು ಕಡೆ ತಪ್ಪಿದಳು. ರಳ ಕುಳ ಎರಡನ್ನೂ ಒಂದೇ ಮಾಡಿದಳು. ತಿದ್ದಬೇಕೆಂದು ಬಾಯಿ ತೆರೆದೆ, ಮೈಕಿನ ಗುಂಡಿ ಕೈಗೆ ತಾಗಿತು, ಆರಿಸಿದೆ. ಅವಳು ಓದುತ್ತ ಹೋದಳು. ದನಿ ಮೊದಲು ನಡುಗಿತು, ಆಮೇಲೆ ಎಲ್ಲಿಂದಲೋ ಒಂದು ಗಡಸು ಬಂತು. ಫ್ಯಾನುಗಳ ಸದ್ದಿಗೂ ಬಸ್ಸುಗಳ ಹಾರ್ನಿಗೂ ಅದು ಮೇಲಾಗಿತ್ತೆಂದು ಹೇಳಲಾರೆ. ಆದರೆ ಮಡುವಿನಲ್ಲಿ ಕೂತಿದ್ದ ನಮ್ಮ ದುರ್ಯೋಧನ ಪುಸ್ತಕದಿಂದ ತಲೆಯೆತ್ತಿ ಅವಳ ಕಡೆ ತಿರುಗಿ ನೋಡಿದ. ಬೆವರಿದನೋ ಇಲ್ಲವೋ, ನಾನು ನಿಂತಿದ್ದ ಜಾಗದಿಂದ ಕಾಣಿಸಲಿಲ್ಲ.

ಸಂಜೆ ಮನೆಯಲ್ಲಿ ಇದನ್ನು ಮಗಳಿಗೆ ಹೇಳಿದೆ, ತಗ್ಗಿದ ದನಿಯಲ್ಲಿ. "ತಪ್ಪು ತಿದ್ದಿದ್ಯಾ?" ಎಂದು ಕೇಳಿದಳು. ಮುಂದಿನ ತರಗತಿಯಲ್ಲಿ ತಿದ್ದುತ್ತೇನೆ ಎಂದೆ. ಸ್ವಲ್ಪ ಯೋಚಿಸಿ, "ಸರಿ" ಎಂದು ಕೋಣೆಗೆ ಹೋದಳು. ನಾಲ್ಕು ಗಂಟೆಯ ಗುಡುಗು ಎದ್ದಿತು. ಬಾಗಿಲು ಮುಕ್ಕಾಲು ಪಾಲು ತೆರೆದಿತ್ತು.